ನನಗಾಗಿ ಹಚ್ಚದ ಒಲೆ

ಪ್ರೀತಿಯ ಚಿಕ್ಕಮ್ಮ,

ಈ ಬೆಳಿಗ್ಗೆ ಕಚೇರಿಯ ಲಿಫ್ಟಿನಲ್ಲಿ ಪಕ್ಕದಲ್ಲಿದ್ದ ಹೆಂಗಸೊಬ್ಬರು ಮೂಗು ಅರಳಿಸಿ ಸುತ್ತ ನೋಡಿದರು. ಎಲ್ಲೋ ಏನೋ ಸುಡುತ್ತಿದೆ ಎಂದುಕೊಂಡಿರಬೇಕು. ಅದು ನನ್ನ ಹೆಗಲ ಚೀಲ. ಭಾನುವಾರ ನಿನ್ನ ಅಡುಗೆಮನೆಯ ಮೊಳೆಗೆ ನೇತುಹಾಕಿದ್ದೆನಲ್ಲ, ಅಲ್ಲಿಯ ಹೊಗೆಯನ್ನು ಹೊತ್ತು ತಂದಿದೆ. ನಾನು ನೆಲ ನೋಡುತ್ತ ನಿಂತೆ. ನನ್ನ ಮಹಡಿಯ ಗುಂಡಿ ಒತ್ತಿ ಎಂದು ಯಾರನ್ನಾದರೂ ಕೇಳಲು ನಾಚಿ, ಮೇಲಿನ ಮಹಡಿಗೆ ಹೋಗಿ ಮೆಟ್ಟಿಲಿಳಿದು ಬರುವವಳು ನಾನು, ನಿನಗೆ ಗೊತ್ತು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ನಗಿಸಿಬಿಡುತ್ತೀಯ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಸಾಹಿತ್ಯ ಓದಿದವಳಿಗೆ ಈ ಕಚೇರಿಯಲ್ಲಿ ಏನು ಕೆಲಸ ಎಂದು ನೀನು ಮೊದಲಿನಿಂದಲೂ ಕೇಳುತ್ತಿದ್ದೀಯ. ಇಡೀ ದೇಶಕ್ಕೆ ಒಂದು ಕಾರ್ಬನ್ ಯೋಜನೆ ಇಲ್ಲಿ ರೂಪುಗೊಳ್ಳುತ್ತಿದೆ. ತಜ್ಞರು ಬರೆದ ನಿಯಮಗಳನ್ನು ಓದಿದವರಿಗೆ ಅರ್ಥವಾಗುವಂತೆ ತಿದ್ದಿ ಬರೆಯುವುದು ನನ್ನ ಪಾಲಿನ ಕೆಲಸ. ಮನೆಗಳಲ್ಲಿ ಕಡಿಮೆ ಸೌದೆಯ ಹೊಸ ಒಲೆ ಉರಿದರೆ ಎಷ್ಟು ಹೊಗೆ ಕಡಿಮೆಯಾಯಿತೆಂದು ಅಳೆಯುತ್ತಾರೆ. ಆ ಉಳಿತಾಯವನ್ನು ದೂರದ ಕಾರ್ಖಾನೆಗಳು ಕೊಂಡುಕೊಂಡು, ಅಷ್ಟೇ ಹೊಗೆಯನ್ನು ತಾವು ಬಿಡುತ್ತವೆ. ಇದನ್ನು ಹೇಳಿದಾಗ ನೀನು ಸೌಟು ಎತ್ತಿ ಹಿಡಿದು, “ಅಂದ್ರೆ ನಾನು ಉಪವಾಸ ಮಾಡಿದ್ರೆ ಅವನು ಎರಡು ಊಟ ಮಾಡ್ತಾನೆ ಅನ್ನು! ಭೇಷ್!” ಅಂದಿದ್ದೆ. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಸಮೀಕ್ಷೆಯ ಹುಡುಗಿಗೆ ಅದನ್ನು ಹೇಳಿದರೆ ಚಹಾ ಚೆಲ್ಲಿಕೊಂಡು ನಕ್ಕಳು.

ಪ್ರಯೋಗಕ್ಕೆಂದು ಹೊಸ ಒಲೆ ಹಂಚಿದ್ದ ನಿಮ್ಮ ಬೀದಿಗೆ, ಅವು ಉರಿಯುತ್ತಿವೆಯೇ ಎಂದು ನೋಡಲು ಬಂದವಳು ಅವಳೇ. ಹೋದ ಮನೆಯಲ್ಲೆಲ್ಲ ಉರಿಯುತ್ತಿತ್ತಂತೆ. ಅದನ್ನು ನೋಡಿ ನಮ್ಮ ನಿರ್ದೇಶಕರು, ಹಂಚಿದ ಒಲೆಗಳನ್ನೆಲ್ಲ ಉರಿಯುವ ಒಲೆಗಳೆಂದೇ ಎಣಿಸಬಹುದು ಎಂದು ನಿಯಮ ಬರೆಸಿದರು. ನಾಳೆಯ ಸಭೆಯಲ್ಲಿ ಒಪ್ಪಿಗೆಯಾದರೆ ಇಡೀ ದೇಶಕ್ಕೆ ಅದೇ ಲೆಕ್ಕ.

ಭಾನುವಾರ ನಾನು ಹೇಳದೆ ಕೇಳದೆ ಬಂದೆ. ಹಳೇ ಒಲೆ ಧಗಧಗ ಉರಿಯುತ್ತಿತ್ತು. ನೀನು ಹಾಸ್ಟೆಲಿಗೆ ಮನೆಯಿಂದಲೇ ಮಾಡಿ ಕಳಿಸುವ ಅಡುಗೆಯ ದೊಡ್ಡ ಪಾತ್ರೆಯ ಮುಂದೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದೆ. ಹೊಸ ಒಲೆ ಮೂಲೆಯಲ್ಲಿ ಹೊಟ್ಟೆ ತುಂಬ ಈರುಳ್ಳಿ ಇಟ್ಟುಕೊಂಡಿತ್ತು. ಇದೇನು ಎಂದದ್ದಕ್ಕೆ, “ನನ್ನ ಪಾತ್ರೆ ಅದರ ಮೇಲಿಟ್ರೆ ಆನೆ ಸ್ಟೂಲ್ ಮೇಲೆ ಕೂತ ಹಾಗಾಗುತ್ತೆ ಕಣೇ” ಅಂದೆ. ಹಾಗಾದರೆ ಸಮೀಕ್ಷೆಗೆ ಬಂದಾಗ ಹೇಗೆ ಉರಿಯುತ್ತಿತ್ತು ಎಂದೆ. “ಬರ್ತೀವಿ ಅಂತ ಹಿಂದಿನ ದಿನವೇ ಫೋನ್ ಮಾಡಿದ್ರಲ್ಲ. ಪಾಪ, ಬಿಸಿಲಲ್ಲಿ ಬರೋ ಹುಡುಗಿ, ಕೊಟ್ಟ ಒಲೆ ಮೂಲೇಲಿ ಬಿದ್ದಿರೋದು ನೋಡಿದ್ರೆ ಬೇಜಾರಾಗಲ್ವಾ? ಅದರ ಮೇಲೇ ಚಹಾ ಕಾಸಿ ಕೊಟ್ಟೆ. ಎದುರುಮನೆಯವಳೂ ಹಾಗೇ ಮಾಡಿದ್ಲು, ಬೀದಿಗೆ ಬೀದಿನೇ ಮಾಡ್ತು. ಅಷ್ಟೂ ಮನೆ ಚಹಾ ಕುಡಿದು ಆ ಹುಡುಗಿ ಹೊಟ್ಟೆ ಹಿಡ್ಕೊಂಡು ಹೋದ್ಲು!”

ಇಬ್ಬರೂ ನಕ್ಕೆವು. ನಗು ನಿಂತ ಮೇಲೂ ನಿನ್ನ ಕೆಮ್ಮು ನಿಲ್ಲಲಿಲ್ಲ. ಕಣ್ಣೊರೆಸಿಕೊಂಡು, “ಯಾರಿಗೂ ಹೇಳ್ಬೇಡ, ಆ ಹುಡುಗಿ ಬೈಸಿಕೊಂಡಾಳು” ಅಂದೆ.

ಬಸ್ಸಿನಲ್ಲಿ ಕೂತ ಮೇಲೆ ನನಗೆ ಹೊಳೆಯಿತು: ನನಗಾಗಿ ನೀನು ಆ ಒಲೆ ಹಚ್ಚಲಿಲ್ಲ. ನಾನೂ ಅದೇ ಕಚೇರಿಯವಳಲ್ಲವೇ? ಎದ್ದು ಈರುಳ್ಳಿ ಸುರಿದು ಗಡಿಬಿಡಿ ಮಾಡಬಹುದಿತ್ತು. ನೀನು ಮಾಡಲಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಕರೆತಂದ ದಿನವೂ ಹೀಗೇ. ಹೊಸ ಹಾಸಿಗೆ ಹಾಸಲಿಲ್ಲ, ತಲೆ ಸವರಿ ಕಣ್ಣೀರಿಡಲಿಲ್ಲ. ಬಟಾಣಿಯ ಬುಟ್ಟಿಯನ್ನು ಮುಂದಿಟ್ಟು, “ಬಿಡಿಸು, ಹುಳ ನೋಡ್ಕೋ” ಅಂದೆ. ಆ ಒಂದು ಮಾತಿಗೆ ನಾನು ಆ ಮನೆಯವಳಾಗಿಬಿಟ್ಟೆ. ಇಷ್ಟು ವರ್ಷಗಳಲ್ಲಿ ಇದಕ್ಕೆ ನಿನಗೊಂದು ಕೃತಜ್ಞತೆ ಹೇಳಿಲ್ಲ. ಎದುರಿಗೆ ಹೇಳಿದರೆ ನೀನು ಜ್ವರ ಬಂದಿದೆಯಾ ಎಂದು ಹಣೆ ಮುಟ್ಟಿ ನೋಡುತ್ತೀಯ. ಇಲ್ಲಿ ಹೇಳುತ್ತೇನೆ ಚಿಕ್ಕಮ್ಮ. ನನ್ನನ್ನು ಎಂದೂ ನೆಂಟರ ಹಾಗೆ ಕಾಣದೇ ಇದ್ದುದಕ್ಕೆ ನಾನು ಋಣಿ.

ಮನೆಯವಳಾದ್ದರಿಂದಲೇ ಸುಮ್ಮನಿರಲು ಆಗುತ್ತಿಲ್ಲ. ಆ ನಿಯಮ ಹಾಗೇ ಹೋದರೆ, ನೀನು ಮಾಡದ ಉಪವಾಸಕ್ಕೆ ಯಾರೋ ಎರಡು ಊಟ ಮಾಡುತ್ತಾರೆ. ಅದಕ್ಕಿಂತ ನನ್ನನ್ನು ಚುಚ್ಚುತ್ತಿರುವುದು ಬೇರೆ. ನಿನ್ನ ಪಾತ್ರೆಗೆ ಹೊಂದುವ ಒಲೆಯನ್ನು ಇನ್ನು ಯಾರೂ ಮಾಡುವುದಿಲ್ಲ, ಏಕೆಂದರೆ ಕಾಗದದ ಮೇಲೆ ನಿನ್ನ ಅಡುಗೆಮನೆಯಲ್ಲಿ ಹೊಗೆಯೇ ಇಲ್ಲ.

ಹೇಳಬೇಡ ಎಂದದ್ದನ್ನು ಮೀರಿದೆ. ಇವತ್ತು ಊಟದ ಹೊತ್ತಿನಲ್ಲಿ ಮೊದಲು ಆ ಹುಡುಗಿಗೇ ಹೇಳಿದೆ. ಅವಳು ಎತ್ತಿದ ತುತ್ತನ್ನು ಡಬ್ಬಿಗೇ ಇಳಿಸಿದಳು. “ಅದಕ್ಕೇ ಒಲೆಗಳೆಲ್ಲ ಅಷ್ಟು ಹೊಸದಾಗಿ ಹೊಳೀತಿದ್ವು ಅನ್ನು. ಛೆ, ಚಹಾ ಮಾತ್ರ ಚೆನ್ನಾಗಿತ್ತು” ಅಂದಳು. ಆಮೇಲೆ, “ನೀನು ಶುರು ಮಾಡು, ನಾನು ಜೊತೆಗಿರ್ತೀನಿ” ಅಂದಳು.

ಮುಂಚೆ ತಿಳಿಸದೆ ಹೋಗಿ ನೋಡಬೇಕು, ಉರಿದ ಒಲೆಯನ್ನಷ್ಟೇ ಎಣಿಸಬೇಕು, ದೊಡ್ಡ ಪಾತ್ರೆಯವರಿಗೆ ಅಗಲ ಬಾಯಿಯ ಒಲೆ ಕೊಡಬೇಕು. ಇಷ್ಟನ್ನು ನಾಳೆ ಆ ಉದ್ದ ಮೇಜಿನ ಮುಂದೆ ನಾನೇ ಎದ್ದು ನಿಂತು ಹೇಳುತ್ತೇನೆ. ಯಾರದೋ ಮನೆಯ ಸುದ್ದಿಯಾಗಿ ಅಲ್ಲ. “ನಾನು ಬೆಳೆದ ಮನೆಯಲ್ಲಿ” ಎಂದೇ ಆರಂಭಿಸುತ್ತೇನೆ. ದನಿ ನಡುಗುತ್ತದೆ, ನಡುಗಲಿ.

ನಿನ್ನ ಎದೆ ಹಗುರಾಗಿ, ಉಸಿರು ತಣ್ಣಗಿರಲಿ.

ಬಯ್ಯುವುದಿದ್ದರೆ ಬಂದಾಗ ಬಯ್ಯಿಸಿಕೊಳ್ಳುವ,
ನಿನ್ನ ಮನೆಯ ಹುಡುಗಿ