ಚಂದ್ರನ ಬಾವಿಯನ್ನು ರದ್ದಿಗೆ ಹಾಕಿದವರಿಗೆ

ಮಾನ್ಯ ಗ್ರಂಥಾಲಯ ನಿರ್ದೇಶಕರೇ,

ನನ್ನ ದೊಡ್ಡಮ್ಮನ 'ಚಂದ್ರನ ಬಾವಿ' ಕಾದಂಬರಿಯನ್ನು ನೀವು ರದ್ದಿಗೆ ಹಾಕಿಸಿದಿರಿ. ಈಗ ಹೊಸ ವಾಚನಾಲಯಕ್ಕೆ ಅವರದೇ ಹೆಸರಿಡುತ್ತಿದ್ದೀರಿ. ಆಹಾ, ಎಂಥ ಗೌರವ! ಹೆಸರಿಗೆ ಗೋಡೆಯಿದೆ, ಪುಸ್ತಕಕ್ಕೆ ಮಾತ್ರ ಕಪಾಟಿನಲ್ಲಿ ಜಾಗವಿಲ್ಲ.

ಹೆಂಗಸರು ಸಂಸಾರದ ಕಥೆ ಬರೆದರೆ ಸಾಕೆಂದು ಸಂಪಾದಕರು ಬುದ್ಧಿ ಹೇಳುತ್ತಿದ್ದ ಕಾಲದಲ್ಲಿ, ದೊಡ್ಡಮ್ಮ ಸ್ಟವ್ ಪಕ್ಕ ಕೂತು ಚಂದ್ರನ ಮೇಲೆ ಬಾವಿ ತೋಡುವ ಹೆಂಗಸರ ಕಥೆ ಬರೆದರು. ವೈಜ್ಞಾನಿಕ ಕಾದಂಬರಿಗೆ ದಾರಿ ಹಾಕಿದವರು ಅವರೇ ಎಂದು ನಿಮ್ಮ ಆಮಂತ್ರಣ ಪತ್ರಿಕೆಯೇ ಹೇಳುತ್ತದೆ. ಪ್ರಕಾಶಕರು ಅಂಗಡಿ ಮುಚ್ಚಿದ ಮೇಲೆ ಉಳಿದ ಪ್ರತಿಗಳನ್ನೆಲ್ಲ ನಿಮಗೇ ಕೊಟ್ಟರು. ಗ್ರಂಥಾಲಯದಲ್ಲಿದ್ದರೆ ನಾಲ್ಕು ಜನ ಓದುತ್ತಾರೆಂದು ನಂಬಿದ್ದರು, ಪಾಪ.

ನಿಮ್ಮವರು ಮಾಡಿದ್ದೇನು? ಮುಖಪುಟದಲ್ಲಿ ಚಂದ್ರನನ್ನು ಕಂಡು ಕಾದಂಬರಿಯನ್ನು ಖಗೋಳಶಾಸ್ತ್ರದ ಕಪಾಟಿಗೆ ತಳ್ಳಿದರು. ಆಮೇಲೆ ನೀವು, ಹಳತಾದ ವಿಜ್ಞಾನ ಪುಸ್ತಕಗಳನ್ನೆಲ್ಲ ತೆಗೆದುಹಾಕಿ ಎಂದು ಆದೇಶಿಸಿದಿರಿ. ಕಾರಣ ಕೇಳಲು ಬಂದಾಗ ನಿಮ್ಮ ವಿಜ್ಞಾನ ವಿಭಾಗದ ಮುಖ್ಯಸ್ಥರು ಕತ್ತೆತ್ತದೆ, "ಚಂದ್ರನ ಮೇಲೆ ಬಾವಿ ಇದೆ ಅಂತ ಬರೆದಿದಾರೆ. ತಪ್ಪು ಮಾಹಿತಿ ಅಲ್ವಾ?" ಎಂದರು. ನಾನು ಹಲ್ಲಿನ ವೈದ್ಯೆ. ಕೀಳುವ ಮುನ್ನ ಬಾಯಿ ತೆರೆಸಿ ನೋಡುತ್ತೇನೆ. ನಿಮ್ಮ ಇಲಾಖೆಯಲ್ಲಿ ಪುಸ್ತಕ ತೆರೆಯುವುದಕ್ಕೂ ಮೇಲಿನವರ ಅಪ್ಪಣೆ ಬೇಕೇ?

ದೊಡ್ಡಮ್ಮನಿಗೆ ಈಗ ಕಣ್ಣು ಕಾಣದು, ನೆನಪೂ ಅಷ್ಟಕ್ಕಷ್ಟೇ. ಹಾಸಿಗೆ ಹಿಡಿದ ಮೇಲೆ ಅವರದು ಒಂದೇ ಆಸೆ: ಆ ಕಾದಂಬರಿಯ ಕೊನೆಯ ಅಧ್ಯಾಯವನ್ನು ಒಮ್ಮೆ ಕೇಳಬೇಕು. ಎಲ್ಲಿ ಅಲೆದರೂ ಒಂದು ಪ್ರತಿ ಸಿಗಲಿಲ್ಲ. ಕೊನೆಗೆ, ನೀವು ಎಸೆದ ಒಂದು ಪ್ರತಿ ರದ್ದಿಯಂಗಡಿಯಲ್ಲಿ ಸಿಕ್ಕಿತೆಂದು ಸುಳ್ಳು ಹೇಳಿ, ಚಿಕ್ಕವಳಿದ್ದಾಗ ಓದಿದ್ದರಲ್ಲಿ ನೆನಪಿದ್ದಷ್ಟಕ್ಕೆ ನನ್ನದನ್ನೂ ಸೇರಿಸಿ ಓದಿದಂತೆ ನಟಿಸಿದೆ. ಹಾಳೆಯ ಸದ್ದು ಬರಲೆಂದು ಮಗುಚಿದ್ದು ಕಟ್ಟಿಸಿದ ಹಲ್ಲಿನ ಕ್ಯಾಟಲಾಗು.

ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಇಷ್ಟು ಕೆಟ್ಟದಾಗಿ ಬರೆದಿದ್ನಾ ನಾನು? ಹಾಗಾದ್ರೆ ಲೈಬ್ರರಿಯವರು ಎಸೆದಿದ್ದು ಸರಿ ಬಿಡು."

ಅದು ನಿಮ್ಮದಲ್ಲ ದೊಡ್ಡಮ್ಮ, ನಾನೇ ಕಟ್ಟಿದ್ದು ಎಂದು ಎಷ್ಟು ಹೇಳಿದರೂ, ಸಮಾಧಾನ ಮಾಡಲು ಹೇಳುತ್ತಿದ್ದೇನೆಂದು ತಿಳಿದು ಅವರು ನಂಬಲಿಲ್ಲ.

ಉದ್ಘಾಟನೆಗೆ ಅವರನ್ನು ಕರೆತರಲು ಕಾರು ಕಳಿಸುವುದಾಗಿ ಬರೆದಿದ್ದೀರಿ. ಆ ಕಾರಿನಲ್ಲಿ ನೀವೇ ಬನ್ನಿ. ಫಲಕ ಬೇಡ, ಫೋಟೋದವರಂತೂ ಬೇಡವೇ ಬೇಡ. ಅವರ ಮಂಚದ ಪಕ್ಕ ಕೂತು, ಕೆಟ್ಟದಾಗಿತ್ತೆಂದು ಎಸೆದದ್ದಲ್ಲ, ಓದದೆಯೇ ಎಸೆದೆವು ಎಂದು ನಿಮ್ಮ ಬಾಯಿಂದಲೇ ಹೇಳಿ. ಬೇಗ ಬನ್ನಿ, ಅವರು ಸತ್ತ ಮೇಲೆ ಭಾಷಣ ಮಾಡಲು ನಿಮಗೆ ಬೇಕಾದಷ್ಟು ಸಮಯ ಸಿಗುತ್ತದೆ.

ಇಂತಿ,
ದೊಡ್ಡಮ್ಮನ ಬರವಣಿಗೆ ಕೆಡಿಸಿದವರ ಸಾಲಿನಲ್ಲಿ ನಿಮ್ಮ ಹಿಂದೆಯೇ ನಿಂತ
ಹಲ್ಲಿನ ವೈದ್ಯೆ