ಹಿಡಿಯ ಮುಂದಿನ ತಗಡು

ಸೌಭಾಗ್ಯವತಿ ನಾದಿನಿಗೆ, ನಿನ್ನ ಭಾವನ ಆಶೀರ್ವಾದಗಳು.

ನಿನ್ನೆ ಆಸ್ಪತ್ರೆಯಲ್ಲಿ ನೀನು, "ಭಾವ, ಬಿದ್ದ ಮರ ಕೊಯ್ಯೋಕೆ ನಿಮ್ಮನ್ನ ಕೇಳದೆ ಗರಗಸ ಎತ್ಕೊಂಡು ಹೋಗಿದ್ದು ಇವರದೇ ತಪ್ಪು, ಬೇಜಾರು ಮಾಡ್ಕೋಬೇಡಿ" ಎಂದೆ. ಎರಡು ಬೆರಳು ಕಳೆದುಕೊಂಡ ನಿನ್ನ ಗಂಡ, ನನ್ನ ತಮ್ಮನೂ ಮಲಗಿದಲ್ಲಿಂದಲೇ, "ಮೇಷ್ಟ್ರ ಸಾಮಾನು ಮುಟ್ಟಿದ್ದಕ್ಕೆ ಕೈಮೇಲೆ ಏಟು ಬಿತ್ತು ಬಿಡಣ್ಣ" ಎಂದು ನಕ್ಕ. ನಾನು ತಲೆಯಾಡಿಸಿ ಮನೆಗೆ ಬಂದೆ. ಹಾಗೆ ತಲೆಯಾಡಿಸಿದ್ದು ನನ್ನ ಎರಡನೆಯ ತಪ್ಪು. ಮೊದಲನೆಯದನ್ನು ಕೇಳು.

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಹಳೆಯ ಚೈನ್ ಗರಗಸಗಳನ್ನು ಕೊಂಡು ತಂದು, ತುಕ್ಕು ಬಿಡಿಸಿ, ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಗೆ ತರುತ್ತಿರುವುದು ನಿನಗೆ ಗೊತ್ತೇ ಇದೆ. ಅವನು ಒಯ್ದ ಗರಗಸವನ್ನು ನನಗೆ ಮಾರಿದ ಬಡಗಿ, ಕೈ ಜಾರಿ ತಿರುಗುವ ಹಲ್ಲಿನ ಸರಪಳಿಗೆ ತಗುಲದಿರಲೆಂದು ಹಿಡಿಯ ಮುಂದೆ ಒಂದು ದಪ್ಪ ತಗಡು ಕೂರಿಸಿದ್ದ. "ಸಾರ್, ಇದನ್ನ ಮಾತ್ರ ತೆಗೀಬೇಡಿ" ಎಂದೂ ಹೇಳಿದ್ದ. ಮೂಲದಲ್ಲಿ ಇಲ್ಲದ್ದು ಇರಕೂಡದೆಂದು ನಾನು ಅದನ್ನು ಕಳಚಿದೆ. ತೂತುಗಳನ್ನು ಮುಚ್ಚಿ, ಗುರುತೂ ಉಳಿಯದಂತೆ ಬಣ್ಣ ಬಳಿದೆ. ಅಲ್ಲಿ ಅಂಥದೊಂದು ಇತ್ತೆಂದು ತಮ್ಮನಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಈ ಪತ್ರವನ್ನು ಅವನಿಗೆ ಪೂರ್ತಿ ಓದಿ ಹೇಳು. ನನ್ನ ಮೇಲಿನ ಗೌರವಕ್ಕಾಗಿ ಒಂದು ಸಾಲನ್ನೂ ಬಿಡಬೇಡ. ನಾಳೆ ಬೆಳಿಗ್ಗೆಯಿಂದ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತೇನೆ. ಅವನು ಕರೆದರೆ ಒಳಗೆ ಬರುತ್ತೇನೆ. ಕರೆಯದಿದ್ದರೆ, ನಾನು ತಂದ ಊಟದ ಡಬ್ಬಿಯನ್ನು ನೀನೇ ಹೊರಗೆ ಬಂದು ತೆಗೆದುಕೊಂಡು ಹೋಗು.

ತಪ್ಪೊಪ್ಪಿಕೊಳ್ಳುವ,
ನಿನ್ನ ಭಾವ