ನಾಲ್ಕನೆಯ ಪಂದ್ಯಕ್ಕೆ ಹೊರಟವಳು

ದ್ರೌಪದಿಯ ಅಪ್ಪನಿಗೆ,

ಮಗಳ ಜ್ವರ ಇಳಿದಿದೆ. ಮತ್ತೆ ಬಂದರೆ ಕಪಾಟಿನಲ್ಲಿರುವ ಔಷಧಿ ಕೊಡಿ. ಅವಳನ್ನು ಅತ್ತೆಗೆ ಒಪ್ಪಿಸಿ ಕರಣಕೋಟದ ಸಿಮೆಂಟ್ ಕಾರ್ಖಾನೆಗೆ ಡ್ಯೂಟಿಗೆ ಓಡಬೇಡಿ, ರಜೆ ಹಾಕಿ. ನಾನು ಬೆಳಗಿನ ರೈಲಿಗೆ ಹೈದರಾಬಾದಿಗೆ ಹೊರಟೆ.

ಎರಡು ವರ್ಷ ಪಂದ್ಯ ಗೆದ್ದವಳು ಹೋದ ವರ್ಷ ಈಜು, ಸೈಕಲ್ ಮುಗಿಸಿ ಓಟದಲ್ಲಿ ಕುಸಿದುಬಿದ್ದೆ. ಆಗಿನಿಂದ ನೀವು ಹೆದರಿದ್ದೀರಿ, ಬಲ್ಲೆ. ಆದರೆ ನಿನ್ನೆ "ಈ ಸಲ ಹೋದ್ರ ತಿರುಗಿ ಬರಬ್ಯಾಡ" ಅಂದದ್ದು ಎದೆಗೆ ನಾಟಿದೆ. ಬರುತ್ತೇನೆ. ಇದು ನನ್ನ ಮನೆಯೂ ಹೌದು.

ನೀವು ಜೋಳದ ಕಣಜದಲ್ಲಿ ಬಚ್ಚಿಟ್ಟ ಸೈಕಲ್ ಗಾಲಿ ಸಿಕ್ಕಿತು. ಸವೆದ ಟೈರು ತೆಗೆಸಿ ಹೊಸದು ಹಾಕಿಸಿದ್ದೀರಿ. ಹಾಕಿಸಿದವರು ಬಚ್ಚಿಟ್ಟದ್ದೇಕೆ?

ನಾಳೆ ಸಂಜೆಯ ರೈಲಿಗೆ ಬಂದಿಳಿಯುತ್ತೇನೆ. ಮಗಳನ್ನು ಎತ್ತಿಕೊಂಡು ಸ್ಟೇಷನ್ನಿಗೆ ಬನ್ನಿ, ನಾನು ಗೆದ್ದರೂ, ಸೋತರೂ.

ಭೂದೇವಿ